ಮಗ್ಗದ ಕುಣಿಯಲ್ಲಿ ಸರ್ವರ್

ನನ್ನ ಮೈದುನನಂಥ ಬುದ್ಧಿವಂತ ಇಡೀ ಬನಹಟ್ಟಿಯಲ್ಲಿ ಇನ್ನೊಬ್ಬನಿಲ್ಲ. ಇನ್ನೊಬ್ಬನಿದ್ದಿದ್ದರೆ ಊರು ಉಳಿಯುತ್ತಿರಲಿಲ್ಲ!

ಪರೀಕ್ಷೆ ಮಾಡದೆ ಯಾವುದನ್ನೂ ಮನೆಯೊಳಗೆ ಬಿಟ್ಟುಕೊಳ್ಳುವವನಲ್ಲ. ಒಮ್ಮೆ ನಾಯಿಮರಿ ತರಲು ಮುಧೋಳದ ಕಡೆ ಹೋದ. ಎಲ್ಲರೂ ಮರಿಯ ಓಟ ನೋಡಿದರೆ, ಇವನು ಅದು ನಿದ್ದೆಯಿಂದ ಎದ್ದ ಕೂಡಲೇ ಏನು ಮಾಡುತ್ತದೆಂದು ನೋಡಲು ಕಾದು ಕುಳಿತನಂತೆ. ಅದು ಏಳುವ ಮೊದಲೇ ಬೇರೆ ಯಾರೋ ಅದನ್ನು ಮಲಗಿದ್ದ ಹಾಗೆಯೇ ಎತ್ತಿಕೊಂಡು ಹೋದರು!

ಇಂಥವನ ಕೈಗೆ ನೇಕಾರರ ಸಂಘದ ಸರ್ವರ್ ಸಿಕ್ಕಿತು. ಸರ್ವರ್ ಎಂದರೆ ಮತ್ತೇನಿಲ್ಲ, ಎಲ್ಲರ ಸೀರೆಯ ಡಿಸೈನುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೇಳಿದವರಿಗೆ ಕೊಡುವ ಕಂಪ್ಯೂಟರ್. ಅದನ್ನು ಒಳಗಿನಿಂದ ನಡೆಸುವ ಯಜಮಾನನಿಗೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಸಂಘದ ಹಳೆಯ ಸರ್ವರ್ ಒಂದು ದಿನ ಕರೆಂಟು ಹೋದಾಗ ಮಲಗಿದ್ದು ಏಳಲೇ ಇಲ್ಲ. ಎಷ್ಟೋ ಜನರ ಸೆರಗು, ಅಂಚು ಅದರ ಜೊತೆಗೇ ಮಣ್ಣಾದವು. ಬೇಸತ್ತ ಸಂಘದವರು, ಉಳಿದದ್ದನ್ನು ದೂರದ ಶಹರದ ಕಂಪನಿಗೆ ಒಪ್ಪಿಸುತ್ತೇವೆ ಎಂದರು. ಮೈದುನ ಅಡ್ಡ ನಿಂತ.

"ನಮ್ಮ ಅಂಚ ನಾವ ಬೇಡಿ ಇಸ್ಕೋಬೇಕೇನ್ರಿ? ಊರಾಗ ಇಟ್ಟ ತೋರಸ್ತೀನಿ, ಒಂದ ಸಲಾ ನೋಡ್ರಿ!"

ಮರುದಿನವೇ ಎರಡು ಕಂಪ್ಯೂಟರ್ ಡಬ್ಬಿ ನಮ್ಮ ಮನೆಗೆ ಬಂದವು. ಇಟ್ಟದ್ದೆಲ್ಲಿ? ನನ್ನ ಗಂಡ ಬದುಕಿದ್ದಾಗ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿಯಲ್ಲಿ!

"ಅಲ್ಲ್ಯಾಕಲೇ?"

"ತಂಪ ಐತ್ರಿ ವೈನಿ. ಸರ್ವರಿಗೆ ತಂಪ ಬೇಕು."

"ನನಗೂ ಬೇಕು. ನನ್ನೂ ಇಳಿಸಿಬಿಡು!"

"ನೀವ ಭಾಳ ಬಿಸಿ ಅದೀರಿ. ಅದು ಕೆಡತೈತಿ."

ಒಂದು ಡಬ್ಬಿಯ ಸಿಸ್ಟಮ್ಮಿಗೆ ಬಣ್ಣ, ಚಿತ್ರ, ಎಲ್ಲ ಇತ್ತು. ಇನ್ನೊಂದಕ್ಕೆ ಕರಿ ಪರದೆ, ಬಿಳಿ ಅಕ್ಷರ, ಅಷ್ಟೇ. ನಾನು ಚೆಂದದ್ದರ ಪಕ್ಷ.

"ಅದು ನೋಡು, ಮದಿವಿ ಮನಿ ಇದ್ದಂಗೈತಿ. ಇದಕ ಮಾರೀನ ಇಲ್ಲಲ್ಲೋ!"

"ಸರ್ವರಿನ ಮಾರಿ ಯಾರ ನೋಡ್ತಾರ್ರಿ? ಚಿತ್ರಾ ತೋರಸಾಕ ಅದು ಅರ್ಧಾ ಶಕ್ತಿ ತಿಂತೈತಿ."

ಪರೀಕ್ಷೆ ಎಂದರೆ ಏನೆಂದುಕೊಂಡಿರಿ? ಎರಡೂ ಡಬ್ಬಿಗಳು ಡಿಸೈನು ಬರೆದುಕೊಳ್ಳುತ್ತಿರುವಾಗ ಮನೆಯ ಮೇನ್ ಸ್ವಿಚ್ಚನ್ನೇ ಆರಿಸುವುದು! ಮಗ್ಗ ಓಡುವಾಗ ಕರೆಂಟು ಹೋದರೆ ಲಾಳಿ ಎಲ್ಲಿ ನಿಂತಿದೆ, ಎಳೆ ಎಷ್ಟು ಕಡಿದಿದೆ ಎಂದು ನೋಡುತ್ತಾರಲ್ಲ, ಹಾಗೆ. ಮಿಕ್ಸರಿನಲ್ಲಿ ನನ್ನ ಶೇಂಗಾ ಚಟ್ನಿ ಅರ್ಧಕ್ಕೇ ನಿಂತಿತು. ಟಿವಿಯಲ್ಲಿ ಸೊಸೆ ಅತ್ತೆಗೆ ಎದುರಾಡಲು ಬಾಯಿ ತೆರೆದಿದ್ದಳು. ಏನೆಂದಳೋ, ಇವತ್ತಿಗೂ ಗೊತ್ತಿಲ್ಲ!

ಚೆಂದದ್ದು ಎದ್ದಾಗ ಅರ್ಧ ಅಂಚು ಮಾಯ. ಕರಿಯದು ಬಿಟ್ಟಲ್ಲಿಂದಲೇ ಶುರು ಮಾಡಿತು.

"ಏನ ಮಾಡೂದೈತಿ ಅಂತ ಮೊದಲ ಬರದಿಟ್ಕೊಂಡ ಮಾಡತೈತ್ರಿ ಇದು."

"ನೀನೂ ಮೊದಲ ಹೇಳಿ ಆರಿಸಿದ್ರ ನನ್ನ ಚಟ್ನಿ ಉಳೀತಿತ್ತು."

ಒಮ್ಮೊಮ್ಮೆ ಇವನು ಮನೆಯಲ್ಲಿಲ್ಲದಾಗ ತಾನಾಗಿಯೇ ಕರೆಂಟು ಹೋಗುತ್ತಿತ್ತು. ಆಗ ಕರಿಯದನ್ನು ಎಬ್ಬಿಸುವವರು ಯಾರು? ನಾನೇ. ಇಂಗ್ಲಿಷ್ ಅಕ್ಷರ ನನಗೆ ಬಾರದೆಂದು ಕೀಬೋರ್ಡಿನ ಗುಂಡಿಗಳಿಗೆ ಬಣ್ಣದ ನೂಲು ಅಂಟಿಸಿದ. ಸೀರೆಯ ಅಂಚಿನಲ್ಲಿ ಬಣ್ಣ ಕೂಡಿಸಿದ ಹಾಗೆ ಒಂದಾದ ಮೇಲೆ ಒಂದು ಒತ್ತಬೇಕು. ಯಾವ ಬಣ್ಣ ಮೊದಲು ಎಂದು ನಿಮಗೆ ಹೇಳಲಾರೆ, ಅದು ಪಾಸ್‌ವರ್ಡು!

ಸಂಘದವರು ಬಂದ ದಿನ ಕರಿಯದು ಎಲ್ಲದರಲ್ಲೂ ಗೆದ್ದಿತು. ಕೊನೆಗೆ ಅಧ್ಯಕ್ಷರು ಕೇಳಿದರು:

"ಎಲ್ಲಾ ಖರೆ. ನಾಳೆ ನಿನಗ ಏನರ ಆದ್ರ ಇದನ್ನ ಎಬ್ಬಸಾವ್ರ ಯಾರು?"

ಮೈದುನನ ಮುಖ ಇಳಿಯಿತು. ಅಷ್ಟು ಜನ ದೊಡ್ಡವರ ಮುಂದೆ 'ನಮ್ಮ ವೈನಿ' ಎನ್ನಲು ಅವನಿಗೆ ಬಾಯಿ ಬರಲಿಲ್ಲ.

"ಹಂಗಾರ ಕಂಪನೀಗೇ ಕೊಡೂನು" ಎಂದು ಅಧ್ಯಕ್ಷರು ಎದ್ದರು.

"ಕುಂದರ್ರಿ" ಎಂದೆ. ಸ್ವಿಚ್ ಆರಿಸಿದೆ, ಹಾಕಿದೆ, ಬಣ್ಣ ಒತ್ತಿದೆ. ಬಿಳಿ ಅಕ್ಷರ ಸರಸರ ಇಳಿದವು. ಅಧ್ಯಕ್ಷರ ಮೊಬೈಲಿನಲ್ಲಿ ಅವರದೇ ಅಂಚು ತೆರೆದುಕೊಂಡಿತು.

"ನಾ ಎಬ್ಬಸ್ತೀನಿ. ಮತ್ತೇನರ ಕೇಳೂದೈತೇನು?"

ಅಧ್ಯಕ್ಷರು ಚಹಾ ಕೇಳಿದರು. ಡಿಸೈನು ಊರಲ್ಲೇ ಉಳಿಯಿತು.

ಅವರು ಹೋದ ಮೇಲೆ ಮೈದುನನಿಗೆ ರೊಟ್ಟಿ ಹಾಕುತ್ತ ಚೇಷ್ಟೆಗೆ ಕೇಳಿದೆ, "ನಿನಗ ಏನರ ಆದ್ರ ನಾ ಅದೀನಿ. ನನಗ ಏನರ ಆದ್ರ?"

ಅವನು ನಗಲಿಲ್ಲ.

"ಮುಂಜಾನೆ ನಿಮ್ಮ ಚಹಾದ ಭಾಂಡಿ ಸಪ್ಪಳಾ ಕೇಳೂ ತನಕಾ ನಾ ಹಾಸಿಗಿ ಬಿಟ್ಟ ಏಳಂಗಿಲ್ರಿ ವೈನಿ. ಕೇಳ್ಕೋತ ಮಲಗಿರ್ತೀನಿ. ಅಣ್ಣ ಹೋದಾಗಿಂದ."

"ರೊಟ್ಟಿ ಆರತೈತಿ, ಉಣ್ಣು" ಎಂದೆ.

ಮರುದಿನ ಮುಂಜಾನೆ ಪಾತ್ರೆಯನ್ನು ಒಲೆಯ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟೆ.