ಹಾರವಾಡದ ಗೋಡೆ ತೊಳೆದದ್ದು

ಇತಿಹಾಸವನ್ನು ಉಳಿಸುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ನಂಬಿದ್ದೆ. ಒಂದು ಸಮಿತಿ ಬೇಕು, ಒಂದು ಲೆಟರ್‌ಹೆಡ್ ಬೇಕು, ಒಬ್ಬ ಕಾರ್ಯದರ್ಶಿ ಬೇಕು. ಸಮಿತಿಯನ್ನು ನಾಲ್ಕು ಜನ ಸೇರಿ ಮಾಡಿದೆವು. ಲೆಟರ್‌ಹೆಡ್ಡನ್ನು ಅಂಕೋಲೆಯಲ್ಲಿ ಅಚ್ಚು ಹಾಕಿಸಿದೆವು. ಕಾರ್ಯದರ್ಶಿ ನಾನೇ ಆದೆ. ಉಳಿದ ಮೂವರು ಆ ದಿನ ಚಹಾ ಕುಡಿದು ಹೋದವರು ಮತ್ತೆ ಬರಲಿಲ್ಲ!

ನಾವು ಉಳಿಸಲು ಹೊರಟದ್ದು ಹಾರವಾಡದ ಕಡಲ ದಂಡೆಯ ಹಳೇ ಬಲೆ ಚಪ್ಪರವನ್ನು. ಚಪ್ಪರ ಎನ್ನುವುದು ಹೆಸರಿಗೆ ಮಾತ್ರ. ಹೆಂಚಿನ ಮಾಡು, ಮೂರು ಕಡೆ ಸುಣ್ಣದ ಗಾರೆ ಮೆತ್ತಿದ ಕಲ್ಲಿನ ಗೋಡೆ. ಊರಿಗೆ ಊರೇ ಸೇರಿ ದಂಡೆಗೆ ಎಳೆಯುವ ದೊಡ್ಡ ರಂಪಣಿ ಬಲೆಯನ್ನು ಹಿಂದೆ ಅಲ್ಲಿಡುತ್ತಿದ್ದರು. ನಾನು ಹುಟ್ಟಿದ್ದು ಅದರ ಹತ್ತಿರವೇ. ಆದರೆ ಹುಡುಗ ಓದಿನಲ್ಲಿ ಚುರುಕು ಅಂತ ಅಪ್ಪ ನನ್ನನ್ನು ಚಿಕ್ಕಂದಿನಲ್ಲೇ ಕಾರವಾರದ ಸೋದರಮಾವನ ಮನೆಗೆ ಅಟ್ಟಿದ. ಗುಮಾಸ್ತನಾದೆ, ಅಲ್ಲೇ ಹಬ್ಬುವಾಡದಲ್ಲಿ ಮನೆ ಮಾಡಿದೆ, ನಿವೃತ್ತನಾದೆ. ಆಮೇಲೆ ಊರಿನ ಮೇಲೆ ಪ್ರೀತಿ ಉಕ್ಕಿತು.

"ಬಚ್ಚಲ ನಲ್ಲಿ ಸೋರೂಕೆ ಹಿಡ್ದು ಮೂರು ತಿಂಗ್ಳಾಯ್ತು. ಮೊದ್ಲು ಅದನ್ನ ಉಳ್ಸಿ," ಅಂದಳು ಹೆಂಡತಿ ಸುಮಿತ್ರಾ.

"ನಲ್ಲಿ ಇತಿಹಾಸವಲ್ಲ," ಎಂದು ಗಂಭೀರವಾಗಿ ಉತ್ತರಿಸಿದೆ.

"ಇನ್ನೊಂದು ವರ್ಷ ಹೀಗೇ ಬಿಟ್ರೆ ಆಗ್ತದೆ."

ಚಪ್ಪರದ ಒಳಗೆ ನಿಂತು ಫೋಟೋ ತೆಗೆಸಿಕೊಂಡು, 'ನಮ್ಮ ಪೂರ್ವಜರ ಸಾಹಸದ ಮೂಕಸಾಕ್ಷಿ' ಎಂದೆಲ್ಲ ಬರೆದು ಪುರಾತತ್ವ ಇಲಾಖೆಗೆ ಕಳಿಸಿದೆ. ಆಶ್ಚರ್ಯವೆಂದರೆ ಉತ್ತರ ಬಂತು! ಮುಂದಿನ ವಾರ ಅಧಿಕಾರಿಯೊಬ್ಬರು ಬಂದು ನೋಡುತ್ತಾರಂತೆ. ಅವರು ಒಪ್ಪಿದರೆ ಚಪ್ಪರ ಉಳಿಯುತ್ತದೆ. ಇಲ್ಲದಿದ್ದರೆ ಅದನ್ನು ಕೆಡವಿ ಬೀಚಿಗೆ ಬರುವವರ ಕಾರು ನಿಲ್ಲಿಸುವ ಜಾಗ ಮಾಡುವ ಮಾತು ಆಗಲೇ ಎದ್ದಿತ್ತು.

ಆಗ ನನ್ನ ಕಣ್ಣಿಗೆ ಹಿಂದಿನ ಗೋಡೆ ಬಿತ್ತು. ಗೋಡೆ ತುಂಬ ಕಂದು ಕಲೆ, ಒಂದರ ಮೇಲೊಂದು. ನೋಡಿದ ಕೂಡಲೇ ತೀರ್ಮಾನಿಸಿದೆ: ಎಲೆ ಅಡಿಕೆ ಉಗುಳು! ತಲತಲಾಂತರದಿಂದ ಉಗುಳಿದ್ದಾರೆ! ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಬಹುದಿತ್ತು. ಆದರೆ ಉಗುಳನ್ನು ಹತ್ತಿರ ಹೋಗಿ ಯಾರು ನೋಡುತ್ತಾರೆ?

ಮೊದಲ ಕ್ರಮವಾಗಿ 'ಇಲ್ಲಿ ಉಗುಳಬಾರದು' ಎಂಬ ಫಲಕ ಹಾಕಿಸಿದೆ. ಮರುದಿನ ಬೆಳಿಗ್ಗೆ ಹೋದರೆ ತುಳಸಕ್ಕ ಮೀನಿನ ಬುಟ್ಟಿ ಕೆಳಗಿಟ್ಟು, ಗೋಡೆಯ ಮೇಲೆ ಕೈ ಇಟ್ಟು ನಿಂತಿದ್ದಳು. ನಮ್ಮ ಹಳೇ ಮನೆಯ ಪಕ್ಕದವಳು. ಎಪ್ಪತ್ತು ದಾಟಿದರೂ ದಿನಾ ಅಂಕೋಲೆ ಪೇಟೆಗೆ ಮೀನು ಒಯ್ಯುತ್ತಾಳೆ.

"ಅಕ್ಕಾ, ಮೀನಿನ ಕೈ ಗೋಡೆಗೆ ಒರೆಸಬಾರದು. ಇದು ಪರಂಪರೆ!" ಎಂದೆ.

"ಒರ್ಸೂದಲ್ಲ ತಮಾ. ಇದು ಎಂತ ಅಂತ ನಿಂಗೆ ಗೊತ್ತುಂಟಲ?"

"ಎಲ್ಲ ಗೊತ್ತು," ಅಂದೆ. ಕಾರ್ಯದರ್ಶಿಗೆ ಗೊತ್ತಿಲ್ಲದ್ದು ಇರುತ್ತದೆಯೇ? ಅವಳು ಬುಟ್ಟಿ ಎತ್ತಿಕೊಂಡು ಹೋದಳು. ಊರು ಉಪಕಾರ ಅರಿಯದು ಎಂದುಕೊಂಡೆ.

ಅಧಿಕಾರಿ ಬರುವ ದಿನ, ಗಂಡಸರು ಕಡಲಿಗೆ, ಹೆಂಗಸರು ಪೇಟೆಗೆ ಹೋದ ಹೊತ್ತು ನೋಡಿ ಕಾರವಾರದಿಂದ ಪೇಂಟರ್ ಒಬ್ಬನನ್ನು ಕರೆತಂದೆ. ಸಂಜೆ ಎಲ್ಲರೂ ನೋಡಿ ಬೆರಗಾಗಬೇಕು! ಸೋಪಿನ ಪುಡಿ ಹಾಕಿ ತಿಕ್ಕಿದೆವು. ಕಲೆ ಹೋಗಲಿಲ್ಲ. ತಂತಿ ಬ್ರಷ್ ಹಿಡಿದೆವು. ಹೋಗಲಿಲ್ಲ.

"ಸರ್, ಇಷ್ಟು ಮೇಲೆ ಯಾರು ಉಗುಳ್ತಾರೆ?" ಎಂದ ಪೇಂಟರ್. ಕಲೆಗಳು ನನ್ನ ತಲೆಗಿಂತ ಎತ್ತರದವರೆಗೂ ಇದ್ದವು.

"ನಮ್ಮ ಪೂರ್ವಜರು ಬಲಶಾಲಿಗಳು!" ಎಂದೆ.

ಕೊನೆಗೆ ಕಕ್ಕಸು ತೊಳೆಯುವ ಆಸಿಡ್ ಸುರಿದೆವು. ಬುಸ್ಸೆಂದು ಹೊಗೆ ಎದ್ದಿತು. ಕಲೆಯ ಜೊತೆ ಗಾರೆಯೂ ಉದುರಿತು. ಅದರ ಮೇಲೆ ಎರಡು ಕೋಟು ಕ್ರೀಮ್ ಬಣ್ಣ ಬಳಿಸಿದೆ. ಗೋಡೆ ಹೊಸ ಬ್ಯಾಂಕಿನ ಗೋಡೆಯ ಹಾಗೆ ಫಳಫಳ ಹೊಳೆಯಿತು.

ಬಣ್ಣ ಒಣಗುವ ಮೊದಲೇ ಅಧಿಕಾರಿ ಮೇಡಂ ಜೀಪಿನಿಂದ ಇಳಿದರು. ಚಪ್ಪರಕ್ಕೆ ಎರಡು ಸುತ್ತು ಹಾಕಿ ಕೇಳಿದರು: "ಆ ಕೈಗಳ ಗೋಡೆ ಎಲ್ಲಿ?"

"ಯಾವ ಕೈ?"

ನಾನೇ ಕಳಿಸಿದ್ದ ಫೋಟೋವನ್ನು ಅವರು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಕನ್ನಡಕ ಹಾಕಿಕೊಂಡೆ. ನನ್ನ ಎರಡೂ ಬದಿಗೆ ಗೋಡೆ ತುಂಬ ಅಂಗೈಗಳು! ಐದೈದು ಬೆರಳೂ ಸ್ಪಷ್ಟ!

"ಇದನ್ನು ನೋಡಲಿಕ್ಕೇ ಬಂದೆ. ಹೆಂಚಿನ ಚಪ್ಪರ ಬೇಕಾದಷ್ಟಿವೆ," ಎಂದರು ಮೇಡಂ.

ಅಷ್ಟರಲ್ಲಿ ತುಳಸಕ್ಕ ಪೇಟೆಯಿಂದ ಬಂದಳು. ಗೋಡೆ ನೋಡಿದವಳ ಕೈಯಿಂದ ಖಾಲಿ ಬುಟ್ಟಿ ಬಿತ್ತು. ಮೇಡಂ ಕೇಳಿದ್ದಕ್ಕೆ ಅವಳು ಹೇಳಿದ್ದನ್ನು ನಾನೂ ಅಂದೇ ಮೊದಲು ಕೇಳಿದ್ದು. ಹಿಂದೆ ನೂಲಿನ ಬಲೆ ಕೊಳೆಯದಿರಲೆಂದು ಮರದ ತೊಗಟೆ ಕುದಿಸಿ ಆ ಕಂದು ನೀರಿನಲ್ಲಿ ಅದ್ದುತ್ತಿದ್ದರಂತೆ. ಹೊಸ ಬಲೆ ಇಳಿಸುವ ದಿನ, ಬಲೆಯಲ್ಲಿ ಪಾಲಿದ್ದವರೆಲ್ಲ ಅದೇ ನೀರಿಗೆ ಕೈ ಅದ್ದಿ ಗೋಡೆಗೆ ಒತ್ತುತ್ತಿದ್ದರಂತೆ. ನೈಲಾನ್ ಬಲೆ ಬಂದ ಮೇಲೆ ಅದು ನಿಂತಿತು. ನನ್ನ ಅಪ್ಪನ ಕೈಯೂ ಬಲ ಮೂಲೆಯಲ್ಲಿತ್ತಂತೆ.

"ನಮ್ಮ ಮನೆಯವ್ರ ಕೈ ನಡುವಿಗಿತ್ತು," ಅಂದಳು. "ಕಡ್ಲಿಗೆ ಹೋದವ್ರು ಬರ್ಲೇ ಇಲ್ಲ. ಹೆಣನೂ ಸಿಕ್ಲಿಲ್ಲ. ಮನೇಲಿ ಅವ್ರದ್ದು ಒಂದು ಫೋಟೋ ಇಲ್ಲ. ಇದ್ದದ್ದು ಅದೊಂದು ಕೈ. ದಿನಾ ಅದನ್ನ ಮುಟ್ಕಂಡೇ ಪೇಟೆಗೆ ಹೋಗ್ತಿದ್ದೆ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜೀವಮಾನದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದಿಲ್ಲ. ಮೇಡಂ ಏನೂ ಬರೆದುಕೊಳ್ಳದೆ ಜೀಪು ಹತ್ತಿದರು. ಚಪ್ಪರವನ್ನು ಇನ್ನೂ ಕೆಡವಿಲ್ಲ, ಆದರೆ ಅದರ ಮುಂದೆ ಈಗಲೇ ಕಾರು ನಿಲ್ಲಿಸಲು ಗೆರೆ ಎಳೆದಿದ್ದಾರೆ.

ಮರುದಿನ ಸುಮಿತ್ರಾಳೂ ನಾನೂ ಕೂತು ಬಣ್ಣ ಕೆರೆದೆವು. ಅವಳು ನಲ್ಲಿಯ ಮಾತು ಎತ್ತಲಿಲ್ಲ. ಬಣ್ಣದ ಕೆಳಗೆ ಬರಿ ಕಲ್ಲು ಸಿಕ್ಕಿತು. ಕೆರೆಯುತ್ತಿದ್ದಾಗಲೇ ನನಗೆ ಹೊಳೆಯಿತು: ಫೋಟೋ ಇದೆಯಲ್ಲ! ಕಾರವಾರಕ್ಕೆ ಓಡಿ, ಅದನ್ನು ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ ತುಳಸಕ್ಕನ ಮನೆಗೆ ಒಯ್ದೆ.

ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಲ ಮೂಲೆಯಿಂದ ಬೆರಳಿಟ್ಟು ನೋಡುತ್ತ ಬಂದಳು. "ಇದು ನಿನ್ನ ಅಪ್ಪಂದು," ಅಂದಳು. ಬೆರಳು ನಿಧಾನವಾಗಿ ನಡುವಿಗೆ ಬಂದು ನಿಂತಿತು. ಅಲ್ಲಿ ನಾನಿದ್ದೆ! ಸೊಂಟದ ಮೇಲೆ ಕೈ ಇಟ್ಟುಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು, ಸಮಿತಿಯ ಕಾರ್ಯದರ್ಶಿ.

ತುಳಸಕ್ಕ ಸೆರಗಿನಿಂದ ಗಾಜು ಒರೆಸಿದಳು. ಆಮೇಲೆ ಅಂದಳು, "ಹೋಗ್ಲಿ ಬಿಡು ತಮಾ. ನೀನಾದ್ರೂ ಚಲೋ ಬಂದಿಯಲ."

ಫೋಟೋವನ್ನು ವಾಪಸು ಕೊಡಲಿಲ್ಲ. ನನ್ನ ಹಿಂದೆ ಅವಳ ಮನೆಯವರ ಕೈ ಇದೆಯಲ್ಲ, ಅಷ್ಟು ಸಾಕಂತೆ. ಈಗ ದಿನಾ ಬೆಳಿಗ್ಗೆ ಪೇಟೆಗೆ ಹೊರಡುವ ಮೊದಲು ನನ್ನ ಹೊಟ್ಟೆ ಮುಟ್ಟಿ ಹೋಗುತ್ತಾಳೆ.