ಬೈರಣ್ಣನ ಹೋರಿಗೆ ಕೆಂಪು ಕಾಣುವುದೇ?

ತಂಗಿಯ ಮಗುವಿನ ನಾಮಕರಣಕ್ಕೆಂದು ಗಿರಿಜಾದೇವಿ ಕೆಂಪು ನೂಲಿನ ಸೀರೆಯುಟ್ಟು ಗೇಟು ತೆರೆದದ್ದೇ ತಡ, ಪಕ್ಕದ ಹಳ್ಳಿಯ ಬೈರಣ್ಣನ ಹೋರಿ ನೇರ ಅವಳತ್ತ ಬಂತು. ಅವಳು ಚೀರಿಕೊಂಡು ಒಳಗೋಡಿ ಕದ ಹಾಕಿದಳು.

ಆಗಿನ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸುತ್ತಲ ಹಳ್ಳಿಯ ದನಗಳಿಗೆ ಅದು ಇನ್ನೂ ಹಳೆಯ ಹೊಲವೇ.

"ಕೆಂಪು ಕಂಡ್ರೆ ಹೋರಿ ಬಿಡ್ತದಾ? ಬೇರೆ ಸೀರೆ ಉಟ್ಕೊ ತಾಯಿ" ಎಂದು ಪಕ್ಕದ ಮನೆಯ ಅಂಜನಮ್ಮ ಕಾಂಪೌಂಡಿನ ಮೇಲಿಂದ ಕೂಗಿದಳು. ಎದುರುಮನೆಯ ಗುಂಡಣ್ಣನೂ ತಲೆಯಾಡಿಸಿದ.

ಗಿರಿಜೆಯ ಗಂಡ ಗೌರೀಶಂಕರ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಹೆಂಡತಿ ಹೆದರಿದ್ದಕ್ಕಿಂತ ಈ ಮಾತೇ ಅವನಿಗೆ ಹೆಚ್ಚು ಚುಚ್ಚಿತು.

"ಹೋರಿಗೆ ಕೆಂಪು ನಮ್ ಥರ ಕಾಣ್ಸೋದೇ ಇಲ್ಲಮ್ಮ! ಆ ಕಣ್ಣು ಬಂದಿರೋದು ನಮಗೆ, ಕೋತಿಗಳಿಗೆ. ನಮ್ಮ ಪೂರ್ವಿಕರು ಮರದ ಮೇಲಿದ್ರು. ಹಸಿರೆಲೆ ಮಧ್ಯೆ ಹಣ್ಣು ಕಂಡೋರೇ ಉಳ್ಕೊಂಡು, ತಲೆತಲಾಂತರದಲ್ಲಿ ಅಂಥಾ ಕಣ್ಣು ಬಂತು. ಹುಲ್ಲು ಮೇಯೋ ದನಕ್ಕೆ ಅದ್ಯಾಕೆ?"

"ನಿಮ್ಮೋರು ಮರದ ಮೇಲಿದ್ರಾ?" ಅಂಜನಮ್ಮನಿಗೆ ಪಾಪ ಅನ್ನಿಸಿತು. "ನಮ್ಮೋರು ಇಲ್ಲೇ ಹೊಲದಲ್ಲಿದ್ರಪ್ಪ."

ಗುಂಡಣ್ಣ ಕಿಸಕ್ಕನೆ ನಕ್ಕ. ಮೇಷ್ಟ್ರ ಕಿವಿ ಬಿಸಿಯಾಯಿತು. ಒಳಗೆ ಹೋದರೆ ಗಿರಿಜೆ ಆಗಲೇ ಹಸಿರು ರೇಷ್ಮೆ ಸೀರೆ ಉಡುತ್ತಿದ್ದಳು. ಕಳಚಿಟ್ಟ ಕೆಂಪು ಸೀರೆಯನ್ನು ಅವನು ಬಾಚಿಕೊಂಡ.

"ರೀ, ಅದನ್ನ ಮುಟ್ಬೇಡಿ! ಅಮ್ಮ ಕೊಟ್ಟಿದ್ದು!"

"ಇವತ್ತು ಈ ಬೀದಿಯ ಮೂಢನಂಬಿಕೆ ಬಿಡಿಸಿಯೇ ತೀರ್ತೀನಿ!"

ರಸ್ತೆಯ ನಡುವೆ ನಿಂತು ಸೀರೆಯನ್ನು ಹೋರಿಯ ಮುಂದೆ ಹರಡಿ ಹಿಡಿದ. ಕಾಂಪೌಂಡುಗಳ ಮೇಲೆ ತಲೆಗಳು ಮೂಡಿದವು. ಹೋರಿ ಬಂತು. ಮೇಷ್ಟ್ರು ಕದಲಲಿಲ್ಲ. ಹೋರಿ ಸೀರೆಯನ್ನು ಮೂಸಿ ಸಾಧುವಾಗಿ ನಿಂತಿತು.

"ನೋಡಿದ್ರಾ? ಒಂಚೂರು ಕೋಪ ಇದ್ಯಾ?" ಎಂದು ಮೇಷ್ಟ್ರು ಜನರತ್ತ ತಿರುಗಿದ. "ಇದಕ್ಕೆ ಕೆಂಪೂ ಒಂದೇ, ಹುಲ್ಲೂ ಒಂದೇ!"

ಜನ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಬಾಯಿ ತೆರೆದುಕೊಂಡಿತ್ತು. ತಿರುಗಿ ನೋಡಿದರೆ ಅರ್ಧ ಸೀರೆ ಹೋರಿಯ ಬಾಯೊಳಗಿತ್ತು. ಅದು ಹಬ್ಬದೂಟಕ್ಕೆ ಕೂತ ಬೀಗರಂತೆ ಕಣ್ಣು ಮುಚ್ಚಿ ಅಗಿಯುತ್ತಿತ್ತು. ಮೇಷ್ಟ್ರು ಎಳೆದ, ಹೋರಿಯೂ ಎಳೆಯಿತು. ಸೀರೆ ಪರ್ರನೆ ಹರಿಯಿತು.

"ಅಯ್ಯೋ, ನಿನ್ನೆ ತಾನೇ ಅನ್ನದ ಗಂಜಿ ಹಾಕಿ ಒಣಗಿಸಿದ್ದೆನಲ್ರೀ!" ಗಿರಿಜೆ ಬಾಗಿಲಲ್ಲೇ ಕುಸಿದಳು.

ಗಂಜಿ! ಸೀರೆ ಹೋದ ದುಃಖದಲ್ಲೂ ಮೇಷ್ಟ್ರ ಮುಖ ಅರಳಿತು. "ಕೇಳಿದ್ರಾ? ಅದು ಬಂದಿದ್ದು ಬಣ್ಣಕ್ಕಲ್ಲ, ಗಂಜಿ ವಾಸನೆಗೆ! ನಾನು ಹೇಳಿದ್ದೇ..."

ಮಾತು ಅಲ್ಲಿಗೇ ನಿಂತಿತು. ಸೀರೆ ಮುಗಿಸಿದ ಹೋರಿ ಈಗ ಅವನ ಬಿಳಿ ಪಂಚೆಯನ್ನು ಮೂಸುತ್ತಿತ್ತು. ಪಂಚೆಗೂ ಅದೇ ಪಾತ್ರೆಯ ಗಂಜಿ ಬಿದ್ದಿತ್ತು. ಮೇಷ್ಟ್ರು ಒಂದು ಹೆಜ್ಜೆ ಹಿಂದಿಟ್ಟ, ಹೋರಿ ಒಂದು ಹೆಜ್ಜೆ ಮುಂದಿಟ್ಟಿತು. ಆಮೇಲೆ ಅವನು ಪಂಚೆ ಎತ್ತಿ ಕಟ್ಟಿ ಓಡಿದ. ಬೈರಣ್ಣ ಬಂದು ಹಗ್ಗ ಹಿಡಿಯುವವರೆಗೂ ಖಾಲಿ ಸೈಟಿನ ಸುತ್ತ ಇಬ್ಬರದೂ ಪ್ರದಕ್ಷಿಣೆ ನಡೆಯಿತು.

ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ನಿಂತು ಮೇಷ್ಟ್ರು ಗಂಜಿಯ ವಿಚಾರ ವಿವರಿಸಲು ಬಾಯಿ ತೆರೆದ. ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಅಂಜನಮ್ಮ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು:

"ಇನ್ಮೇಲೆ ಬಿಳೀದೂ ಉಟ್ಕೊಂಡು ಬರ್ಬೇಡ್ರಪ್ಪೋ! ಈ ಹೋರಿಗೆ ಬಿಳಿ ಕಂಡ್ರೂ ಆಗಲ್ಲ!"