ಕೈಮುಗಿದ ಗೋಲ್‌ಕೀಪರ್ ಮತ್ತು ಪರದೇಶದ ಪೇಪರುಗಳು

ನಾನು ನೆಟ್ಟಗೆ ಮಾಡಲು ಹೋದದ್ದು ಸೊಟ್ಟಗಾಗುವುದು, ಸೊಟ್ಟಗಾದದ್ದನ್ನು ನಾಲ್ಕು ಜನ ನಾಲ್ಕು ಥರ ಹೇಳುವುದು, ಕೊನೆಗೆ ನಡೆದದ್ದೇನೆಂದು ನನಗೇ ಗುಮಾನಿ ಬರುವುದು, ಇದು ನನ್ನ ಜಾತಕದಲ್ಲೇ ಬರೆದಿರಬೇಕು. ಒಂದು ಗೋಲಿನ ಕಥೆಯಂತೂ ಈಗಲೂ ನನ್ನ ಬೆನ್ನು ಬಿಟ್ಟಿಲ್ಲ.

ಆಗ ಹೈದರಾಬಾದಿನ ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಮುಗಿದು ವರ್ಷವಾಗಿತ್ತು. ನೀವೀಗ ಹಿಂದೂಸ್ಥಾನದವರು ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಜೇಬಿನಲ್ಲಿ ನಿಜಾಮರ ರೂಪಾಯಿಯೇ ಇತ್ತು, ಅದಾಲತ್ತಿನಲ್ಲಿ ಉರ್ದುವೇ ಇತ್ತು, ಗಡಿಯಲ್ಲಿ ಸುಂಕದ ನಾಕಾ ಕೂಡ ಇತ್ತು. ಸೊಲ್ಲಾಪುರಕ್ಕೆ ಹೋಗುವುದೆಂದರೆ ನಮ್ಮ ಅವ್ವನ ಲೆಕ್ಕದಲ್ಲಿ ಪರದೇಶಕ್ಕೆ ಹೋದಂತೆ. ನಾನು ಹಗಲು ಕಲಬುರಗಿಯ ಅದಾಲತ್ತಿನಲ್ಲಿ ಕಾಗದಗಳ ನಕಲು ಬರೆಯುತ್ತಿದ್ದೆ, ಸಂಜೆ ನಮ್ಮೂರ ಫುಟ್‌ಬಾಲ್ ತಂಡದ ಗೋಲ್ ಕಾಯುತ್ತಿದ್ದೆ. ಎರಡರಲ್ಲೂ ನನ್ನ ಸ್ವಂತದ್ದೇನೂ ಇರಲಿಲ್ಲ, ಬಂದದ್ದನ್ನು ಹಿಡಿಯುವುದಷ್ಟೇ ಕೆಲಸ.

ಸುಸಲಾ ತಟ್ಟೆ

ಕಮಲಾಪುರಕ್ಕೆ ಹೆಣ್ಣು ನೋಡಲು ಹೋದೆವು. ಹುಡುಗಿಯ ತಂದೆ ಕೆಂಪು ಬಾಳೆಯ ತೋಟದವರು, ಊರಲ್ಲಿ ಮಾತು ನಡೆಯುವ ಹಿರಿಯರು. ಅವರು ಒಳಗೆ ಬಂದಾಗ ನನ್ನ ಎರಡೂ ಕೈಯಲ್ಲಿ ಒಗ್ಗರಣೆ ಮಂಡಕ್ಕಿಯ ಸುಸಲಾ ತಟ್ಟೆ ಇತ್ತು. ಎದ್ದು ನಿಂತೆ, ತಟ್ಟೆ ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತೆ. ಅಷ್ಟರಲ್ಲಿ ಬಾಗಿಲ ಮರೆಯಿಂದ ಹುಡುಗಿ ನಕ್ಕಳು. ಆ ನಗುವಿಗೆ ನಾನು ಅಲ್ಲೇ ಒಪ್ಪಿಬಿಟ್ಟೆ. ಆದರೆ ಒಪ್ಪಬೇಕಾದವರು ಅವಳ ತಂದೆ.

"ಹುಡುಗ ಛಲೋ ಅದಾನ್ರಿ," ಎಂದರು ಹಿರಿಯರು, "ಆದ್ರ ಕೈ ಮುಗೀಲಿಲ್ಲ. ಮಂದಿ ಏನಂತಾರ ಕೇಳಿ ಹೇಳ್ತೇವು. ನಿಮ್ಮೂರಾಗ ಕೇಳಂಗಿಲ್ಲ ಮತ್ತ, ಅಲ್ಲಿ ಎಲ್ಲಾರೂ ಛಲೋನೇ ಅಂತಾರ. ಹೊರಗಿನವ್ರು ಅಂದದ್ದು ಖರೇ."

ಕಮಲಾಪುರದಿಂದ ಕಲಬುರಗಿಯ ಗಾಜಿಪುರದ ನಮ್ಮ ಮನೆ ಮುಟ್ಟುವ ತನಕ ಅವ್ವ ಬಸ್ಸಿನಲ್ಲಿ ಬೈದಳು. "ಹಿರೇರು ಕಂಡ ಕೂಡ್ಲೆ ಕೈ ಮುಗೀಬೇಕೋ ಖೋಡಿ! ಕೈಯಾಗ ಏನಾರ ಇರಲಿ, ಬಿಟ್ಟು ಮುಗೀಬೇಕು!" ಬಸ್ಸಿನಲ್ಲಿದ್ದ ಅಪರಿಚಿತ ಮುದುಕರೊಬ್ಬರು ಹೌದೆಂದು ತಲೆಯಾಡಿಸಿದರು. ನಾನು ಕೂಡಲೇ ಅವರಿಗೂ ಒಂದು ಸಲ ಕೈಮುಗಿದೆ.

ಗಾಳಿಗೆ ಸುಂಕ

ಮುಂದಿನ ವಾರವೇ ಸೊಲ್ಲಾಪುರದಲ್ಲಿ ಪಂದ್ಯ. ನಮ್ಮ ಕ್ಯಾಪ್ಟನ್ ಶಾಲೆಯ ಡ್ರಿಲ್ ಮಾಸ್ತರರು. ಬಗಲಲ್ಲಿ ಚೆಂಡು ಇಟ್ಟುಕೊಂಡು ರೈಲಿನಲ್ಲಿ ಕೂತಿದ್ದ ಅವರನ್ನು ಗಡಿಯಲ್ಲಿ ನಾಕಾದವನು ತಡೆದ.

"ಒಳಗೇನದ?"

"ಗಾಳಿ ಅದರಿ."

ಅವನು ಚೆಂಡನ್ನು ಅಲ್ಲಾಡಿಸಿದ, ಕಿವಿಗಿಟ್ಟು ಕೇಳಿದ, ಮೂಸಿದ. "ಎಲ್ಲಿ ತುಂಬಸೀರಿ?"

"ಕಲಬುರಗ್ಯಾಗ."

"ಹಂಗಾದ್ರ ಹೋಗೂದಕ್ಕ ತಕರಾರಿಲ್ಲ. ಬರೂಮುಂದ ಅಲ್ಲಿನ ಗಾಳಿ ತರಬ್ಯಾಡ್ರಿ, ಅದಕ್ಕ ನಾ ಸಾಹೇಬರ್ನ ಕೇಳಬೇಕಾಗ್ತದ."

ಡ್ರಿಲ್ ಮಾಸ್ತರರು ಶಿಸ್ತಿನ ಮನುಷ್ಯ. ವಾಪಸ್ಸು ಬರುವಾಗ ಚೆಂಡಿನ ಗಾಳಿ ಪೂರ್ತಿ ಬಿಟ್ಟು, ಮಡಚಿ ತಂದರು.

ಆ ಒಂದು ಗೋಲು

ಪಂದ್ಯದಲ್ಲಿ ನಾನು ಜನ್ಮದಲ್ಲಿ ಆಡದಷ್ಟು ಚೆನ್ನಾಗಿ ಆಡಿದೆ. ಸೊಲ್ಲಾಪುರದವರು ಹೊಡೆದದ್ದನ್ನೆಲ್ಲ ಹಿಡಿದೆ. ಇನ್ನೇನು ಆಟ ಮುಗಿಯಬೇಕು, ಎರಡೂ ಕಡೆ ಒಂದು ಗೋಲೂ ಇಲ್ಲ. ಆಗ ಗೋಲಿನ ಪಕ್ಕದ ಜನರ ನಡುವೆ ಕೆಂಪು ಬಾಳೆಯ ಬುಟ್ಟಿಯೊಂದು ಕಂಡಿತು. ಬುಟ್ಟಿಯ ಹಿಂದೆ ಕಮಲಾಪುರದ ಹಿರಿಯರು! ಬಾಳೆ ಮಾರಲು ಬಂದವರು, ಗದ್ದಲ ಕೇಳಿ ಏನೆಂದು ನೋಡಲು ಹೊಕ್ಕಿದ್ದರು.

ನಮ್ಮವ್ವ ಬಸ್ಸಿನಲ್ಲಿ ಬೈದ ಬೈಗುಳವೆಲ್ಲ ಒಮ್ಮೆಲೇ ನನ್ನ ಕೈಗೆ ಬಂತು. ಎರಡೂ ಕೈ ಜೋಡಿಸಿ, ತಲೆ ಬಾಗಿಸಿ ನಮಸ್ಕಾರ ಮಾಡಿದೆ. ಅದೇ ಹೊತ್ತಿಗೆ ಚೆಂಡು ನನ್ನ ಕಿವಿಯ ಪಕ್ಕದಿಂದ ಒಳಗೆ ಹೋಯಿತು.

ಮೈದಾನವೆಲ್ಲ ಹೋ ಎಂದು ಕೂಗಿತು. ಆಟ ಗೊತ್ತಿಲ್ಲದ ಹಿರಿಯರು ಆ ಕೂಗು ತಮಗೇ ಎಂದುಕೊಂಡು, ಸುತ್ತಲೂ ತಿರುಗಿ ಎಲ್ಲರಿಗೂ ಕೈಮುಗಿದು ಹೊರಟುಹೋದರು.

ಪರದೇಶದವರು ಬರೆದದ್ದು

ನಾಲ್ಕು ದಿನದ ಮೇಲೆ ಹಿರಿಯರು ಗಾಜಿಪುರಕ್ಕೆ ಬಂದರು. ಬುಟ್ಟಿಯಲ್ಲಿ ಬಾಳೆಹಣ್ಣು, ಅದರ ಮೇಲೆ ಮೂರು ಪೇಪರು. "ನನಗ ಓದಾಕ ಬರಂಗಿಲ್ಲ. ಹೊರಗಿನವ್ರು ಹುಡುಗನ ಬಗ್ಗೆ ಬರದಾರಂತ. ಓದ್ರಿ," ಎಂದರು. ಸೋತ ದುಃಖ ಹಂಚಿಕೊಳ್ಳಲು ಬಂದಿದ್ದ ಡ್ರಿಲ್ ಮಾಸ್ತರರು ಮರಾಠಿ ಬಲ್ಲವರು. ಅವರೇ ಓದಿ ಹೇಳಿದರು.

ಸೊಲ್ಲಾಪುರದ ಒಂದು ಪೇಪರಿನಲ್ಲಿ ಹೀಗಿತ್ತು: ನಮ್ಮವರ ಹೊಡೆತ ಎಂಥ ಭವ್ಯವಾಗಿತ್ತೆಂದರೆ, ಕಲಬುರಗಿಯ ಗೋಲ್‌ಕೀಪರ್ ಅದನ್ನು ತಡೆಯದೆ ಭಕ್ತಿಯಿಂದ ನಮಸ್ಕರಿಸಿದನು.

ಅದೇ ಊರಿನ ಇನ್ನೊಂದು ಪೇಪರು: ಸೋಲು ಕಂಡ ಕೂಡಲೇ ಪಾಪ, ಆತ ದೇವರನ್ನು ನೆನೆದನು. ಆದರೆ ದೇವರು ಆ ಹೊತ್ತು ಸೊಲ್ಲಾಪುರದ ಕಡೆಗಿದ್ದನು.

ಮೂರನೆಯದು ಮುಂಬೈಯ ಇಂಗ್ಲಿಷ್ ಪೇಪರು. ಅದಕ್ಕೆ ಪಕ್ಕದ ಮನೆಯ ವಕೀಲರನ್ನು ಕರೆದೆವು. ಅದರಲ್ಲಿ ಮೂರೇ ಸಾಲು. ಗೋಲ್‌ಕೀಪರ್ ರೆಫ್ರಿಯ ಮುಂದೆ ಕೈಜೋಡಿಸಿ ತಕರಾರು ಮಾಡಿದನೆಂದೂ, ನಾವು ಸಿಂಧ್ ಪ್ರಾಂತದ ಹೈದರಾಬಾದಿನಿಂದ ಬಂದವರೆಂದೂ ಬರೆದಿದ್ದರು.

"ಸಿಂಧ್ ಪಾಕಿಸ್ತಾನಕ್ಕ ಹೋತಲ್ರಿ!" ಎಂದೆ ನಾನು ಗಾಬರಿಯಿಂದ.

ವಕೀಲರು ಕನ್ನಡಕ ಒರೆಸಿಕೊಂಡು ಗಂಭೀರವಾಗಿ ಹೇಳಿದರು: "ಇಂಗ್ಲಿಷ್ ಪೇಪರ್ ಸುಮ್ನ ಬರಿಯಂಗಿಲ್ರಿ. ನೀವು ಯಾವ ರೈಲು ಹತ್ತಿದ್ರಿ, ಒಮ್ಮೆ ನೆಪ್ಪು ಮಾಡಿಕೊಳ್ರಿ."

ಹೊಡೆದವರು ಯಾರು

ಹಿರಿಯರ ಮುಖ ಬಾಡಿತು. "ನನಗ ಕೈ ಮುಗದಾನ, ಕಣ್ಣಾರೆ ನೋಡೀನಿ. ಖುಷಿ ಆತು. ಆದ್ರ ಸೊಲ್ಲಾಪುರದವ್ರ ಚೆಂಡಿಗೂ ಮುಗದಾನ, ರೆಫ್ರಿಗೂ ಮುಗದಾನ! ಕಂಡಕಂಡವ್ರಿಗೆ ಕೈ ಮುಗಿಯಾವಗ ಮಗಳ್ನ ಹ್ಯಾಂಗ ಕೊಡ್ಲಿ?"

"ಮುಗೀದಿದ್ರ ಮುಗೀಲಿಲ್ಲಂತ, ಮುಗದ್ರ ಮುಗದಾನಂತ," ಅವ್ವ ಹಣೆ ಬಡಿದುಕೊಂಡಳು. "ಇವನ ಕೈ ಏನು ಕಡದು ಇಡ್ಲ್ಯಾ?"

ನನಗೆ ಅಳುವೇ ಬಂತು. ಒಂದೇ ನಮಸ್ಕಾರ ಮೂರು ಪೇಪರಿನಲ್ಲಿ ಮೂರು ನಮಸ್ಕಾರವಾಗಿತ್ತು. ನಿಜ ಹೇಳಿದರೆ ತಪ್ಪನ್ನು ಹಿರಿಯರ ತಲೆಗೆ ಕಟ್ಟಿದಂತೆ, ಹೇಳದಿದ್ದರೆ ಹುಡುಗಿ ಕೈಬಿಟ್ಟಂತೆ. ನಾನು ಈ ಲೆಕ್ಕ ಹಾಕುವಷ್ಟರಲ್ಲಿ ಅವರು ಬುಟ್ಟಿ ಎತ್ತಿಕೊಂಡು ಎದ್ದೇಬಿಟ್ಟರು.

ನಡೆದದ್ದನ್ನೆಲ್ಲ ರೈಲಿನಲ್ಲೇ ನನ್ನ ಬಾಯಿಂದ ಕೇಳಿದ್ದ ಡ್ರಿಲ್ ಮಾಸ್ತರರಿಗೆ ತಡೆಯಲಾಗಲಿಲ್ಲ. ಮೈದಾನದಲ್ಲಿ ಕೂಗುವ ದನಿಯಲ್ಲೇ ಕೂಗಿದರು: "ಕೂಡ್ರಿ ಹಿರಿಯರ! ಅಂವ ಮುಗದದ್ದು ಒಂದೇ ಸಲ, ಅದೂ ನಿಮಗ. ಅದೇ ಹೊತ್ತಿಗೆ ಚೆಂಡು ಒಳಗ ಹೋತು. ಆ ಗೋಲು ಸೊಲ್ಲಾಪುರದವ್ರು ಹೊಡದದ್ದಲ್ರಿ, ನೀವು ಹೊಡದದ್ದು!"

ಹಿರಿಯರು ನಿಧಾನವಾಗಿ ಕೂತರು. ಮೂರೂ ಪೇಪರುಗಳನ್ನು ಒಂದೊಂದಾಗಿ ತಿರುವಿ ನೋಡಿದರು.

"ನಾ ಹೊಡದ್ನ್ಯಾ?" ಎಂದರು. "ಮತ್ತ ಇದ್ರಾಗ ನನ್ನ ಹೆಸರ ಯಾಕಿಲ್ಲ?"

ಪಾವಣೇರು

ಹೋಗುವಾಗ ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟರು. ಹುಡುಗಿ ಸಿಕ್ಕಳೆಂದುಕೊಂಡೆ. "ನನ್ನಿಂದ ನಿಮ್ಮೂರಿನ ಮರ್ಯಾದಿ ಹೋಗೇದ. ಆ ಗೋಲು ವಾಪಸ್ ಬರೂತನಕ ಲಗ್ನದ ಮಾತು ಬ್ಯಾಡ," ಎಂದರು. ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಗೋಲ್ ಕಾಯುವವನು ನಾನು, ಹೊಡೆಯುವುದು ನನ್ನ ಕೈಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಸೊಲ್ಲಾಪುರದವರು ಪಾವಣೇರಾಗಿ, ಅಂದರೆ ಅತಿಥಿಗಳಾಗಿ, ಕಲಬುರಗಿಗೆ ಆಡಲು ಬಂದರು. ಹಿರಿಯರು ತಲೆಗೆ ಹೊಸ ಪಟಕಾ ಸುತ್ತಿಕೊಂಡು ಬುಟ್ಟಿಯೊಂದಿಗೆ ಹಾಜರಾದರು. ಅವ್ವ ಕೊಟ್ಟ ತಾಕೀತಿನಂತೆ ನಾನು ಅವರ ಕಡೆ ಕಣ್ಣೆತ್ತಲೂ ಇಲ್ಲ. ಅವರು ಸೀದಾ ಹೋಗಿ ಸೊಲ್ಲಾಪುರದವರ ಗೋಲಿನ ಪಕ್ಕದಲ್ಲಿ ನಿಂತರು.

ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಸೊನ್ನೆಯೇ. ಡ್ರಿಲ್ ಮಾಸ್ತರರು ಚೆಂಡು ತಗೊಂಡು ಓಡಿದರು, ಗುರಿ ಹಿಡಿದರು. ಅಷ್ಟರಲ್ಲಿ ಆ ಕಡೆಯಿಂದ ಪ್ರೀತಿ ತುಂಬಿದ ದೊಡ್ಡ ದನಿಯೊಂದು ಕೇಳಿತು: "ರಾಮ್ ರಾಮ್ ಪಾವಣೇರ! ಹಾದ್ಯಾಗ ಏನೂ ತ್ರಾಸ ಆಗಲಿಲ್ಲಲ್ಲ?"

ಸೊಲ್ಲಾಪುರದ ಗೋಲ್‌ಕೀಪರನಿಗೂ ನಮ್ಮವ್ವನಂಥ ಅವ್ವ ಇದ್ದಿರಬೇಕು. ಅವನು ತಿರುಗಿ, ಎರಡೂ ಕೈ ಜೋಡಿಸಿ, ತಲೆ ಬಾಗಿಸಿ "ರಾಮ್ ರಾಮ್" ಎಂದ. ಚೆಂಡು ಅವನ ಕಿವಿಯ ಪಕ್ಕದಿಂದ ಒಳಗೆ ಹೋಯಿತು.

ಆಟ ಮುಗಿದ ಮೇಲೆ ಹಿರಿಯರು ಇಡೀ ಬುಟ್ಟಿಯನ್ನು ಆ ಹುಡುಗನ ಕೈಗಿಟ್ಟರು. "ಬೇಕಂತ ಮಾಡಿದ್ರೇನ್ರಿ?" ಎಂದು ನಾನು ಮೆಲ್ಲಗೆ ಕೇಳಿದರೆ, "ಮನಿಗೆ ಬಂದ ಪಾವಣೇರ್ನ ಮಾತಾಡಸಬಾರ್ದೇನು?" ಎಂದು ಮೀಸೆಯಲ್ಲೇ ನಕ್ಕರು.

ಎರಡು ದಿನದ ಮೇಲೆ ಮತ್ತೆ ಪೇಪರುಗಳನ್ನು ತಂದರು. ಡ್ರಿಲ್ ಮಾಸ್ತರರು ಓದಿದರು: ಕಲಬುರಗಿಯವರ ಉಪಚಾರಕ್ಕೆ ನಮ್ಮವರು ಮೈಮರೆತರು. ಒಂದೇ ಗೋಲಿನ ಸೋಲು, ಹೊಡೆದವರು ಕಲಬುರಗಿಯ ಕ್ಯಾಪ್ಟನ್.

"ಇನ್ನೊಮ್ಮೆ ಓದ್ರಿ," ಎಂದರು ಹಿರಿಯರು. ಮಾಸ್ತರರು ಇನ್ನೊಮ್ಮೆ ಓದಿದರು. ಹಿರಿಯರು ಪೇಪರನ್ನು ಮಡಚಿ ನನ್ನ ಅವ್ವನ ಕಡೆ ತಿರುಗಿದರು.

"ಈ ಕಡಿ ಒಂದು, ಆ ಕಡಿ ಒಂದು, ಎರಡು ಗೋಲ್ ಹೊಡದೀನ್ರಿ ಅಕ್ಕಾರ. ಒಂದಕ್ಕೂ ನನ್ನ ಹೆಸರ ಹಾಕಿಲ್ಲ ಈ ಮಂದಿ! ನಾಳೇನೇ ಲಗ್ನಪತ್ರ ಅಚ್ಚಿಗೆ ಕೊಡ್ರಿ. ಅದ್ರಾಗರ ನನ್ನ ಹೆಸರ ದಪ್ಪ ಅಕ್ಷರದಾಗ ಬರಲಿ."